ಚಿತ್ರ ನಂಬಲಾಗದಿದ್ದರೆ ಪ್ರಬಂಧ ಏನಾಗುತ್ತದೆ?

ಗಲಗಲಿಯ ಸುತ್ತ ಕೃಷ್ಣೆಯ ದಂಡೆಗುಂಟ ಕಬ್ಬು ಬೆಳೆಯುವವರಿಗೆ ಕಬ್ಬಿಣದ ಕೊರತೆ ಹೊಸ ಸಂಗತಿಯಲ್ಲ. ಸವಳು-ಜವಳು ಹಿಡಿದ ಹೊಲದಲ್ಲಿ, ಸುಣ್ಣದಂಶ ಹೆಚ್ಚಿರುವ ಎರೆಮಣ್ಣಿನಲ್ಲಿ ಕಬ್ಬಿನ ಹೊಸ ಎಲೆ ಬಿಳಿಚಿಕೊಳ್ಳುತ್ತದೆ, ನರಗಳು ಮಾತ್ರ ಹಸಿರು ಉಳಿಯುತ್ತವೆ. ಆಗ ಅನ್ನಭೇದಿ ತಂದು ನೀರಿನಲ್ಲಿ ಕರಗಿಸಿ ಹೊಡೆಯುತ್ತಾರೆ. ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಬೇರಿಗೆ ಸಿಗುವ ರೂಪದಲ್ಲಿ ಅದು ಇಲ್ಲ ಅಷ್ಟೇ. ಅನ್ನಭೇದಿಯಲ್ಲಿರುವುದು ಫೆರಸ್ ಕಬ್ಬಿಣ, ಗಿಡಕ್ಕೆ ಒಗ್ಗುವ ರೂಪ. ಆದರೆ ಇದೇ ಕಬ್ಬಿಣ ಜೀವಕೋಶದೊಳಗೆ ಮಿತಿ ಮೀರಿದರೆ ವಿಷವಾಗುತ್ತದೆ. ಹಾಗಾಗಿ ಹುಲ್ಲುಕಡ್ಡಿಯಿಂದ ಹಿಡಿದು ಬ್ಯಾಕ್ಟೀರಿಯಾದವರೆಗೆ ಪ್ರತಿ ಜೀವಿಗೂ ತನ್ನೊಳಗಿನ ಕಬ್ಬಿಣವನ್ನು ಸದಾ ಅಳೆಯುತ್ತಿರಬೇಕಾದ ಅಗತ್ಯವಿದೆ.

ಬ್ಯಾಕ್ಟೀರಿಯಾ ಈ ಅಳತೆಯನ್ನು ಹೇಗೆ ಮಾಡುತ್ತವೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ಹೇಳಿದ ಪ್ರಬಂಧವೊಂದು 2020ರ ಅಕ್ಟೋಬರ್‌ನಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ ಪತ್ರಿಕೆಯಲ್ಲಿ ಬಂತು. ಅದು ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ, ಅಂದರೆ ಎನ್‌ಸಿಬಿಎಸ್‌ನ, ಪ್ರಯೋಗಾಲಯದಿಂದ ಬಂದದ್ದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾದ ಈ ಕೇಂದ್ರ ದೇಶದ ಜೀವವಿಜ್ಞಾನದಲ್ಲಿ ಮೊದಲ ಸಾಲಿನದು. ಒಂದು ಆರ್‌ಎನ್‌ಎ ತುಣುಕು ಪ್ರೋಟೀನಿನ ನೆರವಿಲ್ಲದೆ ತಾನೇ ಫೆರಸ್ ಕಬ್ಬಿಣವನ್ನು ಹಿಡಿದು, ಮಡಿಕೆ ಬದಲಿಸಿ, ಜೀನಿನ ಕೆಲಸವನ್ನು ನಿಯಂತ್ರಿಸುತ್ತದೆ ಎಂಬುದು ಪ್ರಬಂಧದ ಸಾರ. ಇಂಥ ತುಣುಕಿಗೆ ರೈಬೋಸ್ವಿಚ್ ಎನ್ನುತ್ತಾರೆ. ಈ ಹೊಸ ಬಗೆಗೆ ಲೇಖಕರು ‘ಸೆನ್ಸೈ’ ಎಂದು ಹೆಸರಿಟ್ಟಿದ್ದರು. ಸುದ್ದಿ ದೊಡ್ಡದಾಗಿತ್ತು. ಆದರೆ 2021ರ ಜೂನ್ ಮುಗಿಯುವ ಹೊತ್ತಿಗೆ ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಅದರೊಳಗಿನ ಚಿತ್ರಗಳ ಬಗ್ಗೆ ಓದುಗರು ಎತ್ತಿದ ಪ್ರಶ್ನೆಗಳಿಂದ ಶುರುವಾದ ಪರಿಶೀಲನೆಯಲ್ಲಿ, ಚಿತ್ರಗಳನ್ನು ತಿದ್ದಲಾಗಿದೆ ಎಂದು ಸಂಸ್ಥೆಯೇ ಕಂಡುಕೊಂಡಿತು.

ಈ ಲೇಖನದಲ್ಲಿ ಯಾರ ಹೆಸರೂ ಅಪರಾಧಿಯ ಜಾಗದಲ್ಲಿ ಬರುವುದಿಲ್ಲ. ಹಿಂತೆಗೆತ ಎಂಬ ವ್ಯವಸ್ಥೆ ಹೇಗೆ ನಡೆಯುತ್ತದೆ, ಒಂದು ಚಿತ್ರ ಕೆಟ್ಟರೆ ಇಡೀ ಪ್ರಬಂಧ ಏಕೆ ಬೀಳುತ್ತದೆ, ತಪ್ಪು ಕಣ್ಣಿಗೆ ಬೀಳುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ಜಮಖಂಡಿಯಲ್ಲೇ ಈಗ ಬಾಗಲಕೋಟೆ ವಿಶ್ವವಿದ್ಯಾಲಯವಿದೆ, ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಬೀಳಗಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯ ಮನೆಗಳಿಂದ ಮೊದಲ ತಲೆಮಾರಿನ ಹುಡುಗ ಹುಡುಗಿಯರು ಸಂಶೋಧನೆಗೆ ಹೋಗುತ್ತಿದ್ದಾರೆ. ಅವರಿಗೆ ಇದನ್ನು ತರಗತಿಯಲ್ಲಿ ಹೇಳಿಕೊಡುವವರು ಕಡಿಮೆ.

ಚಿತ್ರವೇ ಅಳತೆ

ಹೊರಗಿನವರಿಗೆ ಪ್ರಬಂಧದ ಚಿತ್ರವೆಂದರೆ ಪಠ್ಯದ ಪಕ್ಕದ ಅಲಂಕಾರ ಎನಿಸಬಹುದು. ಜೀವವಿಜ್ಞಾನದಲ್ಲಿ ಹಾಗಲ್ಲ. ಅಲ್ಲಿ ಅನೇಕ ಸಲ ಚಿತ್ರವೇ ಪ್ರಯೋಗದ ಫಲಿತಾಂಶ.

ಜೆಲ್ ಓಡಿಸುವುದನ್ನೇ ತೆಗೆದುಕೊಳ್ಳಿ. ಜಿಗುಟಾದ, ತೆಳ್ಳನೆಯ ಹಲಗೆಯಂಥ ಜೆಲ್ಲಿನ ಒಂದು ತುದಿಯಲ್ಲಿ ಸಣ್ಣ ಗುಳಿಗಳಿರುತ್ತವೆ. ಒಂದೊಂದು ಗುಳಿಗೆ ಒಂದೊಂದು ಮಾದರಿ ಹಾಕಿ ವಿದ್ಯುತ್ ಹರಿಸಿದರೆ ಡಿಎನ್‌ಎ, ಆರ್‌ಎನ್‌ಎ ಅಥವಾ ಪ್ರೋಟೀನಿನ ಅಣುಗಳು ಇನ್ನೊಂದು ತುದಿಯತ್ತ ಸರಿಯುತ್ತವೆ. ಸಣ್ಣವು ಬೇಗ ಮುಂದೆ ಹೋಗುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ಆಮೇಲೆ ಬಣ್ಣ ಹಾಕಿಯೋ ವಿಕಿರಣದ ಗುರುತಿನಿಂದಲೋ ಅವು ನಿಂತ ಜಾಗವನ್ನು ಸ್ಕ್ಯಾನ್ ಮಾಡಿದರೆ ಕಪ್ಪು ಗೆರೆಗಳು ಕಾಣುತ್ತವೆ. ಇವೇ ಬ್ಯಾಂಡ್‌ಗಳು. ಗೆರೆ ಎಲ್ಲಿದೆ ಎಂಬುದು ಅಣುವಿನ ಗಾತ್ರ ಹೇಳುತ್ತದೆ, ಎಷ್ಟು ದಟ್ಟವಾಗಿದೆ ಎಂಬುದು ಪ್ರಮಾಣ ಹೇಳುತ್ತದೆ. ಜೆಲ್ಲಿನಿಂದ ಪ್ರೋಟೀನನ್ನು ಪೊರೆಯ ಮೇಲೆ ಇಳಿಸಿ, ಪ್ರತಿಕಾಯದಿಂದ ಗುರುತಿಸಿದರೆ ಅದು ವೆಸ್ಟರ್ನ್ ಬ್ಲಾಟ್. ಪ್ರಪಂಚದಲ್ಲಿ ಚಿತ್ರದ ಕಾರಣಕ್ಕೆ ಬಿದ್ದ ಪ್ರಬಂಧಗಳಲ್ಲಿ ಅನೇಕ ಸಲ ತಕರಾರು ಈ ಬ್ಲಾಟ್‌ಗಳ ಮೇಲೆ ಬಂದಿದೆ.

ರೈಬೋಸ್ವಿಚ್ ಸಂಶೋಧನೆಯಲ್ಲಿ ಬಳಸುವ ಒಂದು ಪ್ರಯೋಗ ಇನ್ನೂ ಸೂಕ್ಷ್ಮವಾದದ್ದು. ಆರ್‌ಎನ್‌ಎಯನ್ನು ಕೊಂಚ ಕ್ಷಾರದ ದ್ರಾವಣದಲ್ಲಿ ಬಿಟ್ಟರೆ ಸಡಿಲವಾಗಿರುವ ಜಾಗಗಳಲ್ಲಿ ಅದು ತಾನಾಗಿ ತುಂಡಾಗುತ್ತದೆ. ಬಿಗಿಯಾಗಿ ಮಡಿಚಿಕೊಂಡ ಜಾಗಗಳಲ್ಲಿ ತುಂಡಾಗುವುದು ಕಡಿಮೆ. ಕಬ್ಬಿಣ ಸೇರಿಸಿದಾಗ ಮಡಿಕೆ ಬದಲಾದರೆ ತುಂಡಾಗುವ ಜಾಗಗಳೂ ಬದಲಾಗುತ್ತವೆ, ಜೆಲ್ಲಿನ ಗೆರೆಗಳ ಸಾಲಿನಲ್ಲಿ ಒಂದು ಮಸುಕಾಗುತ್ತದೆ, ಇನ್ನೊಂದು ದಟ್ಟವಾಗುತ್ತದೆ. ಕಬ್ಬಿಣದ ಪ್ರಮಾಣ ಏರಿಸುತ್ತ ಹೋದಂತೆ ಈ ದಟ್ಟಣೆ ಎಷ್ಟೆಷ್ಟು ಬದಲಾಯಿತು ಎಂದು ಅಳೆದು ಗ್ರಾಫ್ ಬರೆಯುತ್ತಾರೆ. ಅಂದರೆ ಗ್ರಾಫಿನ ಪ್ರತಿ ಬಿಂದುವಿನ ಬೇರು ಚಿತ್ರದೊಳಗಿನ ಒಂದು ಕಪ್ಪು ಗೆರೆಯಲ್ಲಿದೆ. ಆ ಗೆರೆಯನ್ನು ಕಂಪ್ಯೂಟರಿನಲ್ಲಿ ಅಳಿಸಿದರೆ, ದಟ್ಟಗೊಳಿಸಿದರೆ ಅಥವಾ ಪಕ್ಕದ ಲೇನ್‌ನಿಂದ, ಅಂದರೆ ಪಕ್ಕದ ಗುಳಿಯ ಸಾಲಿನಿಂದ, ತಂದು ಅಂಟಿಸಿದರೆ ಅಳತೆಯೇ ಸುಳ್ಳಾಗುತ್ತದೆ. ‘ತೀರ್ಮಾನ ಸರಿ, ಚಿತ್ರ ಮಾತ್ರ ಸ್ವಲ್ಪ ತಿದ್ದಿದ್ದೇವೆ’ ಎಂಬ ಸಮಜಾಯಿಷಿ ಇಂಥ ಕಡೆ ನಿಲ್ಲದು. ತೀರ್ಮಾನಕ್ಕೆ ಆ ಚಿತ್ರವಲ್ಲದೆ ಬೇರೆ ಆಧಾರವಿರುವುದಿಲ್ಲ.

ಯಾವುದು ಸರಿ, ಯಾವುದು ತಪ್ಪು

ಚಿತ್ರವನ್ನು ಮುಟ್ಟಲೇಬಾರದು ಎಂಬ ನಿಯಮವೇನೂ ಇಲ್ಲ. ಇಡೀ ಚಿತ್ರಕ್ಕೆ ಒಂದೇ ಸಮನಾಗಿ ಬೆಳಕು ಹೆಚ್ಚಿಸಬಹುದು, ಕಪ್ಪು-ಬಿಳುಪಿನ ಅಂತರ ಹೊಂದಿಸಬಹುದು, ಬೇಡದ ಅಂಚು ಕತ್ತರಿಸಬಹುದು. ಒಂದೇ ಜೆಲ್ಲಿನಲ್ಲಿ ದೂರದೂರ ಇರುವ ಲೇನ್‌ಗಳನ್ನು ಹತ್ತಿರ ತಂದಿದ್ದರೆ ನಡುವೆ ಸ್ಪಷ್ಟ ಗೆರೆ ಹಾಕಿ, ಚಿತ್ರದ ಕೆಳಗೆ ಹಾಗೆಂದು ಬರೆಯಬೇಕು. ತಪ್ಪು ಶುರುವಾಗುವುದು ಚಿತ್ರದ ಒಂದು ಭಾಗವನ್ನು ಮಾತ್ರ ಬದಲಿಸಿದಾಗ: ಬೇಡದ ಗೆರೆ ಒರೆಸಿದಾಗ, ಬೇಕಾದ ಗೆರೆ ಸೇರಿಸಿದಾಗ, ಹಿನ್ನೆಲೆಯನ್ನು ಅಂತರ ಹೆಚ್ಚಿಸಿ ಬೆಳ್ಳಗೆ ಮಾಡಿ ಮಸುಕು ಬ್ಯಾಂಡ್ ಇಲ್ಲವೆಂಬಂತೆ ತೋರಿಸಿದಾಗ.

ಈ ನಿಯಮಗಳಿಗೆ ಒಂದು ರೂಪ ಬಂದದ್ದು ಅಮೆರಿಕದ ‘ಜರ್ನಲ್ ಆಫ್ ಸೆಲ್ ಬಯಾಲಜಿ’ಯಿಂದ. ಪತ್ರಿಕೆಗಳು ಕಾಗದ ಬಿಟ್ಟು ಕಂಪ್ಯೂಟರ್ ಕಡತಗಳಲ್ಲಿ ಚಿತ್ರ ತರಿಸಿಕೊಳ್ಳತೊಡಗಿದ ಕಾಲ ಅದು. ಸಂಪಾದಕ ಮೈಕ್ ರಾಸ್ನರ್ 2002ರಲ್ಲಿ, ಸ್ವೀಕಾರವಾದ ಪ್ರತಿ ಪ್ರಬಂಧದ ಪ್ರತಿ ಚಿತ್ರವನ್ನೂ ಅಚ್ಚಿಗೆ ಹೋಗುವ ಮೊದಲು ತಪಾಸಣೆ ಮಾಡಿಸತೊಡಗಿದರು. ಸುಮಾರು ಶೇ. 25ರಷ್ಟು ಪ್ರಬಂಧಗಳಲ್ಲಿ ಕನಿಷ್ಠ ಒಂದು ಚಿತ್ರವನ್ನು ನಿಯಮಕ್ಕೆ ತಕ್ಕಂತೆ ಮತ್ತೆ ಮಾಡಿಕೊಡಬೇಕಾಯಿತು. ತೀರ್ಮಾನವನ್ನೇ ಅಲುಗಿಸುವಂಥ ತಿದ್ದುವಿಕೆ ಸಿಕ್ಕಿದ್ದು ಶೇ. 1ರಷ್ಟರಲ್ಲಿ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಬೇಕು. ಹೆಚ್ಚಿನವರು ಮೋಸಗಾರರಲ್ಲ, ಚಿತ್ರ ಚೆಂದ ಕಾಣಲಿ ಎಂಬ ಆಸೆಗೆ ಅಳತೆಯ ಶಿಸ್ತನ್ನು ಮರೆತವರು.

ಹದಿನಾಲ್ಕು ವರ್ಷಗಳ ಬಳಿಕ ಡಚ್ ಸೂಕ್ಷ್ಮಜೀವಿ ವಿಜ್ಞಾನಿ ಎಲಿಸಬೆತ್ ಬಿಕ್ ಇನ್ನೂ ದೊಡ್ಡ ಕೆಲಸ ಮಾಡಿದರು. 40 ಪತ್ರಿಕೆಗಳ 20,621 ಪ್ರಬಂಧಗಳನ್ನು ತಮ್ಮ ಬರಿಗಣ್ಣಿನಿಂದಲೇ ನೋಡಿ, ಇಬ್ಬರು ಸಹೋದ್ಯೋಗಿಗಳೊಂದಿಗೆ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 3.8ರಷ್ಟು ಪ್ರಬಂಧಗಳಲ್ಲಿ ಒಂದೇ ಚಿತ್ರ ಎರಡು ಕಡೆ ಬೇರೆ ಬೇರೆ ಫಲಿತಾಂಶವಾಗಿ ಕಾಣಿಸಿಕೊಂಡಿತ್ತು. ಅವರು ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಚಿತ್ರ ಇದ್ದ ಹಾಗೆಯೇ ಎರಡು ಸಲ ಬಂದಿರುವುದು ಮೊದಲನೆಯದು. ಇದು ತಪ್ಪು ಕಡತ ಅಂಟಿಸಿದ ಕೈತಪ್ಪಿರಬಹುದು. ಎರಡನೆಯದು ಚಿತ್ರವನ್ನು ತಿರುಗಿಸಿ, ಕನ್ನಡಿಯಲ್ಲಿ ಕಂಡಂತೆ ಮಗುಚಿ ಅಥವಾ ಪಕ್ಕಕ್ಕೆ ಸರಿಸಿ ಬಳಸಿರುವುದು. ಮೂರನೆಯದು ಒಳಗೇ ಕತ್ತರಿಸಿ ಅಂಟಿಸಿ ರೂಪ ಬದಲಿಸಿರುವುದು. ಕೊನೆಯ ಎರಡು ಬಗೆಗಳು ತಾವಾಗಿಯೇ ಆಗುವುದು ಕಷ್ಟ. ಸಿಕ್ಕ ಪ್ರಕರಣಗಳಲ್ಲಿ ಕನಿಷ್ಠ ಅರ್ಧದಷ್ಟು ಉದ್ದೇಶಪೂರ್ವಕ ತಿದ್ದುವಿಕೆಯ ಲಕ್ಷಣ ಹೊಂದಿದ್ದವು. ಭಾರತದಿಂದ ಹೋದ ಪ್ರಬಂಧಗಳ ಪಾಲು ಅದರಲ್ಲಿ ಇರಬೇಕಾದುದಕ್ಕಿಂತ ಹೆಚ್ಚಿತ್ತು ಎಂಬುದನ್ನು ನಾವು ನುಂಗಿಕೊಂಡು ಮುಂದೆ ಹೋಗಬಾರದು.

ಕಣ್ಣಿಗೆ ಬೀಳುವುದು ಹೇಗೆ

ರಬಕವಿ-ಬನಹಟ್ಟಿಯ ನೇಕಾರರಿಗೆ ಈ ಮಾತು ಬೇಗ ಅರ್ಥವಾದೀತು. ಕೈಮಗ್ಗದಲ್ಲಿ ನೇಯ್ದ ಎರಡು ಸೀರೆಗಳಲ್ಲಿ ಬುಟ್ಟಾ, ಅಂಚು ಎಲ್ಲ ಒಂದೇ ಇರಬಹುದು; ಆದರೆ ಎಳೆ ಕಡಿದು ಗಂಟು ಹಾಕಿದ ಜಾಗ, ಹೊಕ್ಕು ತುಸು ಸಡಿಲಾದ ಜಾಗ ಎರಡರಲ್ಲೂ ಒಂದೇ ಇರಲಾರದು. ಎರಡು ಫೋಟೊಗಳಲ್ಲಿ ಗಂಟು ಗಂಟಿಗೂ ಹೊಂದಿಬಂದರೆ ಅವು ಎರಡು ಸೀರೆಯಲ್ಲ, ಒಂದೇ ಸೀರೆಯ ಎರಡು ಫೋಟೊ. ಜೆಲ್ಲಿನ ಚಿತ್ರದಲ್ಲೂ ಹೀಗೆಯೇ. ಬ್ಯಾಂಡ್‌ಗಳು ಒಂದರಂತೆ ಇನ್ನೊಂದು ಇರುವುದು ಸಹಜ. ಹಿನ್ನೆಲೆಯ ಧೂಳಿನ ಚುಕ್ಕೆ, ಗುಳ್ಳೆ, ಕಲೆ, ಬ್ಯಾಂಡಿನ ತುದಿಯ ಅಂಕುಡೊಂಕು, ಕ್ಯಾಮೆರಾ ಸಂವೇದಕದ ಗೊಜ್ಜಲು (ನಾಯ್ಸ್) ಇವೆಲ್ಲ ಎರಡು ಪ್ರಯೋಗಗಳಲ್ಲಿ ಒಂದೇ ಆಗಿರುವುದು ಸಾಧ್ಯವಿಲ್ಲ. ಪರೀಕ್ಷಿಸುವವರು ನೋಡುವುದು ಈ ಕಸವನ್ನೇ.

ಕಂಪ್ಯೂಟರಿನಲ್ಲಿ ಚಿತ್ರದ ಕಪ್ಪು-ಬಿಳುಪಿನ ಅಂತರವನ್ನು ವಿಪರೀತ ಹೆಚ್ಚಿಸಿದರೆ, ಬೇರೆಡೆಯಿಂದ ತಂದು ಅಂಟಿಸಿದ ತುಂಡಿನ ಸುತ್ತ ಚೌಕದ ಅಂಚು ಎದ್ದು ಕಾಣುತ್ತದೆ. ಒರೆಸಿದ ಜಾಗದಲ್ಲಿ ಹಿನ್ನೆಲೆಯ ಗೊಜ್ಜಲು ಮಾಯವಾಗಿ ನುಣ್ಣಗಾಗಿರುತ್ತದೆ. ಈಗ ಈ ಕೆಲಸಕ್ಕೆ ಪ್ರೂಫಿಗ್, ಇಮೇಜ್‌ಟ್ವಿನ್‌ನಂಥ ತಂತ್ರಾಂಶಗಳಿವೆ. ‘ಸೈನ್ಸ್’ ಪತ್ರಿಕೆಗಳ ಬಳಗ 2024ರ ಆರಂಭದಿಂದ ಪ್ರಕಟಣೆಗೆ ಮೊದಲೇ ಪ್ರೂಫಿಗ್ ಬಳಸುತ್ತಿದೆ. ಆದರೂ ತಂತ್ರಾಂಶ ತೋರಿಸುವುದು ಹೋಲಿಕೆಯನ್ನಷ್ಟೇ. ಆ ಹೋಲಿಕೆಗೆ ಅರ್ಥ ಹಚ್ಚಬೇಕಾದವರು ಆ ಪ್ರಯೋಗ ಗೊತ್ತಿರುವ ಮನುಷ್ಯರು. ಒಂದೇ ನಿಯಂತ್ರಣ ಮಾದರಿಯ ಚಿತ್ರವನ್ನು ಎರಡು ಕಡೆ ತೋರಿಸಲು ಸಕಾರಣವೂ ಇರಬಹುದು. ಅದನ್ನು ಕೆಳಗೆ ಬರೆದಿರಬೇಕು, ಅಷ್ಟೇ.

ಹೋಲಿಕೆ ಒಂದು ಪ್ರಶ್ನೆ, ಅದೇ ತೀರ್ಪಲ್ಲ ಎಂಬುದಕ್ಕೆ ಬೆಂಗಳೂರಿನದೇ ಇನ್ನೊಂದು ನಿದರ್ಶನವಿದೆ. 2018ರ ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು, ಚಿನ್ನ ಮತ್ತು ಬೆಳ್ಳಿಯ ನ್ಯಾನೊರಚನೆಗಳಲ್ಲಿ ವಾತಾವರಣದ ಸಹಜ ಒತ್ತಡದಲ್ಲೇ ಅತಿವಾಹಕತೆಯ ಕುರುಹು ಕಂಡಿತು ಎಂದು ಪ್ರಕಟಣಪೂರ್ವ ಪ್ರತಿಯೊಂದನ್ನು ಹೊರಗಿಟ್ಟರು. ಮುಂದಿನ ತಿಂಗಳೇ ಎಂಐಟಿಯ ಭೌತವಿಜ್ಞಾನಿ ಬ್ರಯನ್ ಸ್ಕಿನ್ನರ್, ಗ್ರಾಫಿನಲ್ಲಿ ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ಅಳೆದ ಎರಡು ಸಾಲುಗಳ ಏರಿಳಿತದ ಗೊಜ್ಜಲು ಒಂದರ ಮೇಲೊಂದು ಇಟ್ಟಂತೆ ಹೊಂದುತ್ತದೆ ಎಂದು ತೋರಿಸಿದರು. ಗೊಜ್ಜಲೆಂದರೆ ಯಾದೃಚ್ಛಿಕ, ಎರಡು ಅಳತೆಗಳಲ್ಲಿ ಅದು ಒಂದೇ ಇರಲು ಕಾರಣ ಬೇಕು. ಲೇಖಕರು ತಮ್ಮ ಅಳತೆಯ ಪರವಾಗಿ ನಿಂತರು, 2019ರ ಮೇ ತಿಂಗಳಲ್ಲಿ ಹೆಚ್ಚಿನ ದತ್ತಾಂಶದೊಂದಿಗೆ ಪರಿಷ್ಕೃತ ಪ್ರತಿ ಕೊಟ್ಟರು. ಇದು ಹಿಂತೆಗೆತದ ಪ್ರಕರಣವಲ್ಲ. ಆದರೆ ಅಂಕಿಯ ನಕ್ಷೆಯೂ ಒಂದು ಚಿತ್ರವೇ, ಅದರ ಕಸವನ್ನೂ ಓದಬಹುದು ಎಂಬುದು ಅಂದು ಎಲ್ಲರಿಗೂ ತಿಳಿಯಿತು. ಸ್ಕಿನ್ನರ್ ಯಾರನ್ನೂ ದೂಷಿಸದೆ, ಕಂಡದ್ದನ್ನು ಕಂಡ ಹಾಗೆ ಬರೆದು, ವಿವರಣೆ ಕೇಳಿದ ರೀತಿ ಕಲಿಯತಕ್ಕದ್ದು.

ದೂರಿನಿಂದ ನೋಟಿಸಿನವರೆಗೆ

ಓದುಗನೊಬ್ಬ ಚಿತ್ರದಲ್ಲಿ ಅನುಮಾನ ಕಂಡು ಪತ್ರಿಕೆಯ ಸಂಪಾದಕರಿಗೆ ಬರೆದ ಎನ್ನೋಣ. ಹೆಸರಿಲ್ಲದ ಪತ್ರವಾದರೂ, ಅದರೊಳಗೆ ಇಂಥ ಪುಟ, ಇಂಥ ಚಿತ್ರ, ಇಂಥ ಜಾಗ ಎಂಬ ನಿಖರ ವಿವರವಿದ್ದರೆ ಸಂಪಾದಕರು ಪರಿಶೀಲಿಸಬೇಕು. ಹೆಚ್ಚಿನ ಪತ್ರಿಕೆಗಳು ಪಾಲಿಸುವುದು ಬ್ರಿಟನ್ನಿನಲ್ಲಿ 1997ರಲ್ಲಿ ಶುರುವಾದ ಪ್ರಕಟಣಾ ನೀತಿ ಸಮಿತಿ, ಅಂದರೆ ‘ಕೋಪ್’, ಹೇಳಿದ ಕ್ರಮವನ್ನು. ಸಂಪಾದಕರ ಮೊದಲ ಪತ್ರ ಹೋಗುವುದು ಸಂಪರ್ಕ ಲೇಖಕರಿಗೆ. ಅದರಲ್ಲಿ ಕೇಳುವುದು ಮುಖ್ಯವಾಗಿ ಒಂದನ್ನೇ: ಕತ್ತರಿಸದ, ತಿದ್ದದ ಮೂಲ ಚಿತ್ರ ಕಳಿಸಿ.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಮೂಲ ಕಡತ ಇದ್ದು, ಅದು ಪ್ರಕಟವಾದ ತೀರ್ಮಾನವನ್ನೇ ತೋರಿಸಿದರೆ, ಆಗಿರುವುದು ಕೈತಪ್ಪು. ಸರಿಯಾದ ಚಿತ್ರ ಹಾಕಿ ತಿದ್ದುಪಡಿ ಪ್ರಕಟಿಸಿದರೆ ಮುಗಿಯಿತು, ಪ್ರಬಂಧ ಉಳಿಯುತ್ತದೆ. ತನಿಖೆ ಬಹಳ ದಿನ ಹಿಡಿಯುವಂತಿದ್ದರೆ, ಓದುಗರು ಎಚ್ಚರದಿಂದಿರಲಿ ಎಂದು ಸಂಪಾದಕರು ಕಳವಳದ ಟಿಪ್ಪಣಿಯೊಂದನ್ನು ಪ್ರಬಂಧದ ಜೊತೆ ಲಗತ್ತಿಸುತ್ತಾರೆ. ಮೂಲ ಕಡತ ಪ್ರಕಟಿತ ಚಿತ್ರಕ್ಕೆ ಹೊಂದದಿದ್ದರೆ, ಅಥವಾ ಕಡತವೇ ಇಲ್ಲದಿದ್ದು ತೀರ್ಮಾನಕ್ಕೆ ಬೇರೆ ಆಧಾರವೂ ಇಲ್ಲದಿದ್ದರೆ, ಹಿಂತೆಗೆತ. ಕೋಪ್ ಮಾರ್ಗಸೂಚಿ ಇಲ್ಲಿ ಕೇಳುವ ಪ್ರಶ್ನೆ ಫಲಿತಾಂಶವನ್ನು ನಂಬಬಹುದೇ ಎಂಬುದು. ನಂಬಲಾಗದು ಎಂದಾದರೆ, ಕಾರಣ ಪ್ರಾಮಾಣಿಕ ತಪ್ಪೋ ಕೃತ್ರಿಮವೋ, ಹಿಂತೆಗೆಯಬೇಕು.

ಹಿಂತೆಗೆದ ಪ್ರಬಂಧವನ್ನು ಅಳಿಸಿಹಾಕುವುದಿಲ್ಲ. ಅದು ಇದ್ದ ಜಾಗದಲ್ಲೇ ಇರುತ್ತದೆ, ಪುಟ ಪುಟದ ಮೇಲೂ ‘ಹಿಂತೆಗೆಯಲಾಗಿದೆ’ ಎಂಬ ಅಡ್ಡ ಮುದ್ರೆ ಬೀಳುತ್ತದೆ. ಜೊತೆಗೆ ಪ್ರತ್ಯೇಕ ನೋಟಿಸು ಬರುತ್ತದೆ. ಹಿಂತೆಗೆದವರು ಲೇಖಕರೋ ಸಂಪಾದಕರೋ, ಯಾವ ಚಿತ್ರದಲ್ಲಿ ಏನು ದೋಷ, ಯಾವ ಲೇಖಕರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದು ಅದರಲ್ಲಿ ಇರಬೇಕು, ಚಂದಾ ಕಟ್ಟದವರೂ ಅದನ್ನು ಓದುವಂತಿರಬೇಕು. ದುರದೃಷ್ಟಕ್ಕೆ ಅನೇಕ ನೋಟಿಸುಗಳು ಎರಡು ಸಾಲಿನಲ್ಲಿ ಮುಗಿಯುತ್ತವೆ. ಯಾವ ಚಿತ್ರ ಕೆಟ್ಟಿತ್ತು ಎಂದು ಹೇಳದ ನೋಟಿಸು ಅದೇ ಪ್ರಯೋಗ ಮಾಡಲು ಹೊರಟ ಮುಂದಿನ ವಿದ್ಯಾರ್ಥಿಗೆ ಏನೂ ಉಪಕಾರ ಮಾಡುವುದಿಲ್ಲ. ಇದನ್ನು ನಾನು ಪತ್ರಿಕೆಗಳ ಕರ್ತವ್ಯಲೋಪವೆಂದೇ ಎಣಿಸುತ್ತೇನೆ.

ಎನ್‌ಸಿಬಿಎಸ್ ಪ್ರಬಂಧ ಪ್ರಕಟವಾಗಿ ಒಂಬತ್ತು ತಿಂಗಳೊಳಗೆ ಹಿಂದಕ್ಕೆ ಹೋಯಿತು. ಈ ಲೋಕದಲ್ಲಿ ಇದು ಬಹಳ ಬೇಗ. ಆಲ್‌ಝೈಮರ್ ಕಾಯಿಲೆಗೆ ಕಾರಣವಾಗುವ ಪ್ರೋಟೀನ್ ಗುಚ್ಛವೊಂದನ್ನು ಗುರುತಿಸಿದ್ದೇವೆ ಎಂದು ‘ನೇಚರ್’ನಲ್ಲಿ 2006ರಲ್ಲಿ ಬಂದ ಪ್ರಬಂಧವನ್ನು ಹಿಂತೆಗೆದದ್ದು 2024ರ ಜೂನ್‌ನಲ್ಲಿ. ನಡುವಿನ ಹದಿನೆಂಟು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಬಂಧಗಳು ಅದನ್ನು ಉಲ್ಲೇಖಿಸಿದ್ದವು. ಅದರ ಬ್ಲಾಟ್ ಚಿತ್ರಗಳಲ್ಲಿನ ತಿದ್ದುವಿಕೆಯ ಕುರುಹುಗಳನ್ನು ನರವಿಜ್ಞಾನಿ ಮ್ಯಾಥ್ಯೂ ಶ್ರಾಗ್ ಗುರುತಿಸಿದ ವರದಿ 2022ರಲ್ಲಿ ಬಂದಿತ್ತು. ಅಲ್ಲಿಂದಲೂ ಎರಡು ವರ್ಷ ಹಿಡಿಯಿತು. ರೋಗಿಗಳ ಮನೆಯವರು ಆ ವರ್ಷಗಳಲ್ಲಿ ಯಾವ ಯಾವ ಭರವಸೆಗೆ ಕಾದಿದ್ದರೋ ಎಂದು ನೆನೆದರೆ ಈ ನಿಧಾನವನ್ನು ಕೇವಲ ಕಚೇರಿಯ ವಿಳಂಬ ಎನ್ನಲು ಮನಸ್ಸು ಬರುವುದಿಲ್ಲ.

ಪ್ರಬಂಧ ಬೇರೆ, ಮನುಷ್ಯ ಬೇರೆ

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದು. ಹಿಂತೆಗೆತದ ನೋಟಿಸು ಉತ್ತರಿಸುವುದು ‘ಈ ಚಿತ್ರಗಳನ್ನು ನಂಬಬಹುದೇ’ ಎಂಬ ಪ್ರಶ್ನೆಗೆ. ‘ಯಾರು ಮಾಡಿದರು, ಏಕೆ ಮಾಡಿದರು, ಅವರಿಗೆ ಏನು ಶಿಕ್ಷೆ’ ಎಂಬುದು ಬೇರೆಯದೇ ವಿಚಾರಣೆ. ಮೊದಲನೆಯದು ಪತ್ರಿಕೆಯ ಕೆಲಸ. ಎರಡನೆಯದು ಸಂಸ್ಥೆಯ ಕೆಲಸ. ಹಾರ್ಡ್ ಡಿಸ್ಕ್ ತರಿಸಿ ನೋಡುವ, ಪ್ರಯೋಗದ ನೋಟ್‌ಬುಕ್ ಕೇಳುವ, ವಿದ್ಯಾರ್ಥಿಯನ್ನೂ ಮಾರ್ಗದರ್ಶಕರನ್ನೂ ಕೂರಿಸಿ ವಿಚಾರಿಸುವ ಅಧಿಕಾರ ಪತ್ರಿಕೆಗೆ ಇಲ್ಲ, ಸಂಸ್ಥೆಗಿದೆ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಪ್ರಕರಣ ಇದಕ್ಕೆ ಸಾಕ್ಷಿ. ಅಲ್ಲಿಂದ 2005ರಲ್ಲಿ ‘ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿ’ಯಲ್ಲಿ ಬಂದ ಪ್ರಬಂಧದ ಬ್ಲಾಟ್ ಚಿತ್ರಗಳು ಅದೇ ತಂಡದ ಹಿಂದಿನ ಪ್ರಬಂಧದ ಚಿತ್ರಗಳೇ ಎಂದು ಅನಾಮಿಕ ಪತ್ರ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಜಿ. ಪದ್ಮನಾಭನ್ ಅವರ ನೇತೃತ್ವದ ಸಮಿತಿ ತಂಡದ ಮೇಲೆ ದೋಷವಿಲ್ಲ ಎಂದಿತು. ಪತ್ರಿಕೆ ತಾನೇ ಚಿತ್ರಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಬಂಧವನ್ನು ಹಿಂತೆಗೆಯಿತು. ದೇಶದ ವಿಜ್ಞಾನ ವಲಯದಲ್ಲಿ ಈ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. ಒಂದೇ ಚಿತ್ರಗಳು, ಎರಡು ನಿರ್ಣಯಗಳು. ಇಬ್ಬರ ಮುಂದೆ ಇದ್ದ ಪ್ರಶ್ನೆಗಳು ಎರಡು ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಂಡಿದ್ದರೆ ಆ ವಾದದ ಬಹುಭಾಗ ಹುಟ್ಟುತ್ತಲೇ ಇರಲಿಲ್ಲ.

ಕಲಸಿದರೆ ಆಗುವ ಅನಾಹುತ ಜಪಾನಿನಲ್ಲಿ ಕಂಡಿದೆ. ಸಾಮಾನ್ಯ ಜೀವಕೋಶವನ್ನು ಆಮ್ಲದಲ್ಲಿ ಅದ್ದಿ ಆಕರಕೋಶವಾಗಿಸಬಹುದು ಎಂಬ ಎರಡು ಪ್ರಬಂಧಗಳು 2014ರ ಜನವರಿಯಲ್ಲಿ ‘ನೇಚರ್’ನಲ್ಲಿ ಬಂದವು. ಒಂದು ಜೆಲ್ಲಿನ ಚಿತ್ರಕ್ಕೆ ಬೇರೆ ಲೇನ್ ಅಂಟಿಸಿದ್ದು, ಬೇರೆ ಪ್ರಯೋಗದ ಚಿತ್ರವನ್ನು ಇಲ್ಲಿ ಬಳಸಿದ್ದು ರಿಕೆನ್ ಸಂಸ್ಥೆಯ ತನಿಖೆಯಲ್ಲಿ ಹೊರಬಿತ್ತು, ಜುಲೈನಲ್ಲಿ ಎರಡೂ ಪ್ರಬಂಧಗಳು ಹಿಂದಕ್ಕೆ ಹೋದವು. ಮಾಧ್ಯಮಗಳು ತಿಂಗಳುಗಟ್ಟಲೆ ಮುಗಿಬಿದ್ದವು. ತಿದ್ದುವಿಕೆಯಲ್ಲಿ ಕೈಯಿರದಿದ್ದ ಹಿರಿಯ ಸಹಲೇಖಕರೊಬ್ಬರು ಆಗಸ್ಟ್‌ನಲ್ಲಿ ಪ್ರಾಣ ಕಳೆದುಕೊಂಡರು. ಚಿತ್ರದ ತಪ್ಪನ್ನು ಹೇಳುವಾಗ ನಿಷ್ಠುರವಾಗಿರಬೇಕು, ಮನುಷ್ಯನ ಬಗ್ಗೆ ಹೇಳುವಾಗ ವಿಚಾರಣೆ ಮುಗಿಯುವವರೆಗೆ ಕಾಯಬೇಕು.

ನಮ್ಮ ದೇಶದ ನಿಯಮಗಳಲ್ಲಿ ಒಂದು ದೊಡ್ಡ ಕಂದರವಿದೆ. ಯುಜಿಸಿ 2018ರಲ್ಲಿ ತಂದ ಕೃತಿಚೌರ್ಯ ತಡೆ ನಿಯಮಾವಳಿ ಪಠ್ಯದ ಹೋಲಿಕೆಯನ್ನು ಶೇಕಡಾವಾರು ಅಳೆಯುತ್ತದೆ: ಶೇ. 10ರವರೆಗೆ ದಂಡವಿಲ್ಲ, ಆಮೇಲೆ ಶೇ. 40, ಶೇ. 60ರ ಮೆಟ್ಟಿಲುಗಳು. ಪ್ರತಿ ವಿಶ್ವವಿದ್ಯಾಲಯದಲ್ಲೂ ಪಿಎಚ್‌.ಡಿ. ಪ್ರಬಂಧ ಹೋಲಿಕೆ ಹುಡುಕುವ ತಂತ್ರಾಂಶದ ಮೂಲಕ ಹಾಯಬೇಕು. ಆದರೆ ಆ ತಂತ್ರಾಂಶ ಓದುವುದು ಅಕ್ಷರಗಳನ್ನು. ಬೇರೆಯವರ ಬರಹವನ್ನು ಪುಟಗಟ್ಟಲೆ ಎತ್ತಿದ ವಿದ್ಯಾರ್ಥಿ ಸಿಕ್ಕಿಬೀಳುತ್ತಾನೆ. ಒಂದೇ ಬ್ಲಾಟನ್ನು ಮಗುಚಿ ಎರಡು ಕಡೆ ಹಾಕಿದವನ ಹೋಲಿಕೆ ಸೊನ್ನೆ ಎಂದು ಪ್ರಮಾಣಪತ್ರ ಬರುತ್ತದೆ. ಹಿಂತೆಗೆದ ಪ್ರಬಂಧಗಳಿಗಾಗಿ ಸಂಸ್ಥೆಗಳಿಗೆ ಅಂಕ ಕಳೆಯುವ ಕ್ರಮ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ 2025ರಿಂದ ಬಂದಿದೆ. ಇದರಿಂದ ಸಂಸ್ಥೆಗಳು ಎಚ್ಚೆತ್ತುಕೊಳ್ಳಬಹುದು. ತಾವಾಗಿ ತಪ್ಪು ಒಪ್ಪಿ ಹಿಂತೆಗೆದವರಿಗೂ ಮುಚ್ಚಿಟ್ಟು ಸಿಕ್ಕಿಬಿದ್ದವರಿಗೂ ಒಂದೇ ಅಂಕ ಕಳೆದರೆ ಮಾತ್ರ, ತಪ್ಪನ್ನು ಮುಚ್ಚಿಡುವ ಆಸೆ ಹೆಚ್ಚೀತು ಎಂಬ ಭಯ ನನಗಿದೆ.

ಪ್ರಯೋಗಾಲಯದಲ್ಲಿ ಮಾಡಬೇಕಾದ್ದು

ಇಡೀ ವ್ಯವಸ್ಥೆ ನಿಂತಿರುವುದು ಮೂಲ ಕಡತದ ಮೇಲೆ. ಸ್ಕ್ಯಾನರ್ ಅಥವಾ ಸೂಕ್ಷ್ಮದರ್ಶಕ ಕೊಟ್ಟ ಕಡತವನ್ನು ಅದು ಕೊಟ್ಟ ರೂಪದಲ್ಲೇ, ದಿನಾಂಕ ಮತ್ತು ಪ್ರಯೋಗದ ಸಂಖ್ಯೆಯ ಹೆಸರಿನಲ್ಲಿ ಉಳಿಸಿ. ಅದರ ಮೇಲೆ ಎಂದೂ ಕೆಲಸ ಮಾಡಬೇಡಿ, ಪ್ರತಿ ತೆಗೆದುಕೊಂಡು ಅದರಲ್ಲಿ ಮಾಡಿ. ವಾಟ್ಸ್‌ಆ್ಯಪಿನಲ್ಲಿ ಮಾರ್ಗದರ್ಶಕರಿಗೆ ಕಳಿಸಿದ ಚಿತ್ರ ಮೂಲವಲ್ಲ. ಅದು ಕುಗ್ಗಿ, ಹಿನ್ನೆಲೆಯ ಗೊಜ್ಜಲನ್ನು ಕಳೆದುಕೊಂಡಿರುತ್ತದೆ. ಪವರ್‌ಪಾಯಿಂಟಿಗೆ ಅಂಟಿಸಿದ್ದೂ ಮೂಲವಲ್ಲ. ಕಂಪ್ಯೂಟರ್ ಕೆಟ್ಟರೆ ಎಂದು ಇನ್ನೊಂದು ಕಡೆ ನಕಲಿರಲಿ, ವಿದ್ಯಾರ್ಥಿ ಹೊರಟ ಮೇಲೂ ಅದು ಪ್ರಯೋಗಾಲಯದಲ್ಲಿ ಉಳಿಯಲಿ. ನೋಟ್‌ಬುಕ್ಕಿನ ಪುಟದಲ್ಲಿ ಕಡತದ ಹೆಸರು ಬರೆದಿರಲಿ. ಕೆಟ್ಟ ಜೆಲ್, ವಾಲಿದ ಬ್ಯಾಂಡ್, ಸೋತ ಪ್ರಯೋಗ ಇವುಗಳ ಚಿತ್ರಗಳನ್ನೂ ಇಟ್ಟುಕೊಳ್ಳಬೇಕು.

ಪ್ರಬಂಧ ಕಳಿಸುವ ಮುನ್ನ ಚಿತ್ರಗಳನ್ನು ಜೋಡಿಸಿದವರಲ್ಲದ ಇನ್ನೊಬ್ಬರು ಕುಳಿತು ಒಂದೊಂದು ಚಿತ್ರದ ಮೂಲವನ್ನು ತೆರೆದು ಹೋಲಿಸಿ ನೋಡಬೇಕು. ಮಾರ್ಗದರ್ಶಕರು ಜೋಡಿಸಿದ ಚೆಂದದ ಪುಟವನ್ನಷ್ಟೇ ನೋಡಿ ಸಹಿ ಹಾಕುವ ಪ್ರಯೋಗಾಲಯಗಳಲ್ಲೇ ತಪ್ಪು ದಾಟಿಹೋಗುತ್ತದೆ. ‘ಈ ಬ್ಯಾಂಡ್ ಬರಲೇಬೇಕು’ ಎಂದು ವಿದ್ಯಾರ್ಥಿಯನ್ನು ಒತ್ತಾಯಿಸುವ ಮಾರ್ಗದರ್ಶಕರು ತಾವು ಕೇಳುತ್ತಿರುವುದು ಏನನ್ನು ಎಂದು ನಿಂತು ಯೋಚಿಸಬೇಕು.

ಓದುವವರು ಮಾಡಬೇಕಾದ್ದೂ ಇದೆ. ಉಲ್ಲೇಖಿಸುವ ಮೊದಲು ಆ ಪ್ರಬಂಧ ಇನ್ನೂ ನಿಂತಿದೆಯೇ ಎಂದು ಪತ್ರಿಕೆಯ ಮೂಲ ಪುಟದಲ್ಲಿ ನೋಡಬೇಕು. ಗೆಳೆಯರು ಕಳಿಸಿದ ಹಳೆಯ ಪಿಡಿಎಫ್‌ನಲ್ಲಿ ಹಿಂತೆಗೆತದ ಮುದ್ರೆ ಇರುವುದಿಲ್ಲ. 2010ರಲ್ಲಿ ಇಬ್ಬರು ಪತ್ರಕರ್ತರು ಶುರುಮಾಡಿದ ರಿಟ್ರಾಕ್ಷನ್ ವಾಚ್‌ನ ದತ್ತಸಂಚಯ 2023ರಿಂದ ಕ್ರಾಸ್‌ರೆಫ್ ಮೂಲಕ ಎಲ್ಲರಿಗೂ ಉಚಿತ. ಉಲ್ಲೇಖಗಳನ್ನು ಜೋಡಿಸಲು ಝೊಟೆರೊ ಬಳಸುವವರಿಗೆ, ಹಿಂತೆಗೆದ ಪ್ರಬಂಧ ಸಂಗ್ರಹದಲ್ಲಿದ್ದರೆ ಅದೇ ಕೆಂಪು ಪಟ್ಟಿ ತೋರಿಸುತ್ತದೆ.

ಇನ್ನು ತಮ್ಮ ಪ್ರಬಂಧದಲ್ಲಿ ತಾವೇ ದೋಷ ಕಂಡರೆ? 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸೆಸ್ ಆರ್ನಾಲ್ಡ್ 2020ರ ಜನವರಿಯಲ್ಲಿ ಏನು ಮಾಡಿದರೋ ಅದನ್ನೇ ಮಾಡಬಹುದು. ಹಿಂದಿನ ವರ್ಷ ‘ಸೈನ್ಸ್’ನಲ್ಲಿ ಬಂದ ತಮ್ಮ ಪ್ರಬಂಧದ ಪ್ರಯೋಗ ಮತ್ತೆ ಮಾಡಿದಾಗ ಫಲಿಸಲಿಲ್ಲ, ನೋಟ್‌ಬುಕ್‌ನಲ್ಲಿ ಮುಖ್ಯ ಪ್ರಯೋಗಗಳ ನಮೂದೂ ಮೂಲ ದತ್ತಾಂಶವೂ ಇರಲಿಲ್ಲ, ಅವರು ಅದನ್ನು ಬಹಿರಂಗವಾಗಿ ಹೇಳಿ ಹಿಂತೆಗೆದುಕೊಂಡರು, ಕೆಲಸದ ಒತ್ತಡದಲ್ಲಿ ತಾವು ಸರಿಯಾಗಿ ನೋಡಲಿಲ್ಲ ಎಂದು ಕ್ಷಮೆ ಕೇಳಿದರು. ಅವರ ಮಾನ ಅದರಿಂದ ಕುಂದಲಿಲ್ಲ.

ಕ್ರಮ ಸರಳ. ಮೊದಲು ಎಲ್ಲ ಸಹಲೇಖಕರಿಗೆ ತಿಳಿಸಿ, ಸಂಸ್ಥೆಯ ನೀತಿ ಸಮಿತಿಗೂ ಒಂದು ಪ್ರತಿ ಕೊಡಿ. ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಯಾವ ಚಿತ್ರ, ಯಾವ ಭಾಗ, ಏನು ದೋಷ, ಮೂಲ ಕಡತ ಇದೆಯೇ ಇಲ್ಲವೇ, ಅದರಿಂದ ಯಾವ ತೀರ್ಮಾನ ಬೀಳುತ್ತದೆ, ಯಾವುದು ಉಳಿಯುತ್ತದೆ ಎಂದು ಬಿಡಿಸಿ ಬರೆಯಿರಿ. ಇದ್ದ ಮೂಲ ಕಡತಗಳನ್ನೆಲ್ಲ ಲಗತ್ತಿಸಿ. ತಿದ್ದುಪಡಿ ಸಾಕೋ ಹಿಂತೆಗೆತ ಬೇಕೋ ಎಂದು ನಿಮ್ಮ ಅಭಿಪ್ರಾಯ ಹೇಳಬಹುದು, ನಿರ್ಧಾರ ಸಂಪಾದಕರದು. ನೋಟಿಸು ಅಚ್ಚಾದ ಮೇಲೆ ನಿಮ್ಮ ಪ್ರಬಂಧವನ್ನು ನಂಬಿ ಪ್ರಯೋಗ ಶುರುಮಾಡಿರುವ ತಂಡಗಳು ಗೊತ್ತಿದ್ದರೆ ಅವರಿಗೂ ನೇರವಾಗಿ ಒಂದು ಪತ್ರ ಹಾಕಿ, ಅವರು ನೋಟಿಸನ್ನು ತಾವಾಗಿ ನೋಡುವವರೆಗೆ ಕಾಯಬೇಡಿ.